ಮಗು ಅಳಬಾರದು

ಮಗು ಅಳಬಾರದು. ಷರತ್ತು ಅಂತ ಇದ್ದದ್ದು ಅದೊಂದೇ.

ಹೆರಿಗೆಯಾಗಿ ಕೆಲವು ತಿಂಗಳಿಗೆ ಕಲ್ಯಾಣಿ ಮತ್ತೆ ಕೆಲಸಕ್ಕೆ ಬರುತ್ತೇನೆ ಎಂದು ಫೋನ್ ಮಾಡಿದಾಗ ಕಾತ್ಯಾಯಿನಿ ಮೇಡಂ ಖುಷಿಪಟ್ಟರು. ಮಗುವನ್ನೂ ಕರೆದುಕೊಂಡು ಬಾ, ನಾನೂ ಒಬ್ಬ ತಾಯಿ ಅಲ್ಲವೇ ಎಂದರು. ಹಿಂದಿನ ರೂಮಿನಲ್ಲಿ ಜೋಲಿ ಕಟ್ಟುವುದಕ್ಕೆ ಕೊಂಡಿ ಇದೆ ಎಂದು ತಾವೇ ನೆನಪಿಸಿದರು. ಫೋನ್ ಇಡುವ ಮೊದಲು, ಕ್ಲಾಸ್ ನಡೆಯುವಾಗ ಅಳು ಮಾತ್ರ ಕೇಳಿಸಬಾರದು ನೋಡು ಎಂದರು.

ಕಾತ್ಯಾಯಿನಿಯ ಮಡಕೆ ಸ್ಟುಡಿಯೋ ಜೆ.ಪಿ. ನಗರದಲ್ಲಿ ಅವರದೇ ಮನೆಯ ಕೆಳಗಿನ ಭಾಗದಲ್ಲಿತ್ತು. ಮುಂದೆ ಗಾಜಿನ ಗೋಡೆ, ಅದರ ಒಳಗೆ ಸಾಲಾಗಿ ಕರೆಂಟಿನ ತಿಗರಿಗಳು. ಹಿಂದೆ ಮಡಕೆ ಸುಡುವ ಗೂಡು, ಅದೂ ಕರೆಂಟಿನದೇ. ಗೂಡಿನ ಪಕ್ಕಕ್ಕೆ ಮಣ್ಣಿನ ಮೂಟೆಗಳನ್ನು ಪೇರಿಸಿಡುವ ರೂಮು. ಅದಕ್ಕೆ ಕಿಟಕಿ ಇಲ್ಲ. ಗೂಡು ಉರಿದ ದಿನ ಆ ರೂಮಿನ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಜೋಲಿ ಕಟ್ಟಿದ್ದು ಅಲ್ಲಿ.

ಕಲ್ಯಾಣಿ ಬಂದವಳೇ ಮೂಟೆ ಬಿಚ್ಚಬೇಕು. ಮಣ್ಣು ನೆನೆಹಾಕಬೇಕು, ಸೋಸಬೇಕು, ತುಳಿಯಬೇಕು, ನಾದಬೇಕು. ಹೊಟ್ಟೆ ಕೊಯ್ದು ಮಗುವನ್ನು ತೆಗೆದಿದ್ದರು. ನಾದಲು ಬಗ್ಗಿದರೆ ಹೊಲಿಗೆ ಹಾಕಿದ ಜಾಗ ಎಳೆಯುತ್ತಿತ್ತು. ನೋವು ಅಂತ ಅಲ್ಲ. ಅಲ್ಲಿ ಬೆರಳಿಟ್ಟರೆ ಬೇರೆ ಯಾರದೋ ಚರ್ಮ ಮುಟ್ಟಿದ ಹಾಗಿತ್ತು. ಸರಿಹೋಗುತ್ತೆ ಎಂದು ನರ್ಸಮ್ಮ ಹೇಳಿದ್ದರು. ಹೋಗಿರಲಿಲ್ಲ. ಬರಬರುತ್ತ ಆ ಮರಗಟ್ಟಿದ್ದು ಹೊಟ್ಟೆಯಿಂದ ಮೇಲಕ್ಕೂ ಹತ್ತಿತು ಎಂದು ಅವಳಿಗೆ ಅನಿಸುತ್ತಿತ್ತು. ಯಾರಾದರೂ ಬೈದರೆ ಮುಟ್ಟುತ್ತಿರಲಿಲ್ಲ. ಮಗು ನಕ್ಕರೂ ಮುಟ್ಟುತ್ತಿರಲಿಲ್ಲ.

ಕ್ಲಾಸಿಗೆ ಬರುತ್ತಿದ್ದವರು ಜೋಡಿಗಳು, ಕಂಪನಿಯವರು, ಹುಟ್ಟುಹಬ್ಬದ ಗುಂಪುಗಳು. ತಿಗರಿಯ ಮೇಲೆ ಅವರ ಕೈಗೆ ಮಣ್ಣು ನಿಲ್ಲುತ್ತಿರಲಿಲ್ಲ. ಕಲ್ಯಾಣಿ ಹಿಂದೆ ನಿಂತು ಅವರ ಕೈಮೇಲೆ ಕೈಯಿಟ್ಟು ಮಣ್ಣನ್ನು ಮೇಲೆತ್ತಿಸಬೇಕು. ಅವರು ಫೋಟೊ ತೆಗೆಸಿಕೊಳ್ಳುತ್ತಾರೆ. ಆಗ ತನ್ನ ಕೈ ಫೋಟೊದಲ್ಲಿ ಬೀಳದ ಹಾಗೆ ಹಿಂದಕ್ಕೆ ತೆಗೆಯಬೇಕು.

ಇಷ್ಟೆಲ್ಲ ಅವಳು ಯಾಕೆ ಸಹಿಸಿದಳು ಎಂದರೆ ಸಂಜೆಗಾಗಿ. ಗಿರಾಕಿಗಳು ಹೋದ ಮೇಲೆ ಒಂದು ತಿಗರಿ ಅವಳದು. ಮೊದಲಿಂದ ಆಗಿದ್ದ ಮಾತು ಅದು. ಕಲ್ಯಾಣಿಯ ಅಪ್ಪ ಪಿಳ್ಳಪ್ಪ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಿ ಸತ್ತವನು. ಇಟ್ಟಿಗೆ ಅಚ್ಚಿನ ಪಕ್ಕ ಕೂತು ಮಣ್ಣಿನಲ್ಲಿ ಆಡುತ್ತಾ ಬೆಳೆದ ಹುಡುಗಿ ಪಿಯುಸಿ ಮುಗಿಸಿ, ಮನೆಯವರು ಬೇಡವೆಂದರೂ ಸರ್ಕಾರದ ತರಬೇತಿಗೆ ಸೇರಿ ಮಡಕೆ ಕೆಲಸ ಕಲಿತಳು. ಕಲಿತ ಮೇಲೆ ಎಲ್ಲಿ ಕೆಲಸ ಕೇಳಿದರೂ ನೀವು ಕುಂಬಾರರಾ ಎಂದು ಕೇಳಿದರು. ಅಲ್ಲ, ಹೊಲೆಯರು, ಅಪ್ಪನ ಕಾಲದಲ್ಲಿ ಬೌದ್ಧರಾದೆವು ಎಂದರೆ ಮುಖ ನೋಡಿ ಕಳಿಸಿಬಿಟ್ಟರು. ಕಾತ್ಯಾಯಿನಿ ಒಬ್ಬರೇ ಅದನ್ನು ಕೇಳಿ, ಅದರಲ್ಲೇನಿದೆ, ನಾಳೆಯಿಂದ ಬಾ ಎಂದವರು.

ಹೆರಿಗೆಯ ಮೇಲೆ ಅವಳ ಕೈ ಬೇರೆ ಏನನ್ನೋ ಮಾಡತೊಡಗಿತು. ತಿಗರಿಯ ಮೇಲೆ ದೊಡ್ಡ ಗುಡಾಣ ಎತ್ತುವಳು. ಹಸಿ ಇರುವಾಗಲೇ ಒಳಗೆ ಕೈಹಾಕಿ ಅದನ್ನು ಜೋಲಲು ಬಿಡುವಳು. ಗುಡಾಣದ ಹೊಟ್ಟೆ ಕೆಳಕ್ಕಿಳಿದು ಒಂದು ಕಡೆಗೆ ವಾಲಿ ನಿಲ್ಲುತ್ತಿತ್ತು. ಆಮೇಲೆ ತಂತಿಯಿಂದ ಅಡ್ಡಕ್ಕೆ ಸೀಳಿ, ಮತ್ತೆ ಬೆರಳಿನಿಂದ ಒತ್ತಿ ಒತ್ತಿ ಕೂಡಿಸುವಳು. ಕೂಡಿಸಿದ ಗುರುತು ಹಾಗೇ ಉಳಿಯುತ್ತಿತ್ತು. ಯಾಕೆ ಹಾಗೆ ಮಾಡುತ್ತೇನೆ ಎಂದು ಅವಳಿಗೂ ತಿಳಿಯದು. ಆ ಹೊತ್ತಿನಲ್ಲಿ ಮಾತ್ರ ಕೈಗೆ ಏನೋ ಮುಟ್ಟುತ್ತಿತ್ತು. ಅಷ್ಟು ಸಾಕಾಗಿತ್ತು.

ಮಗುವಿನ ಹೆಸರು ತೇಜಸ್ವಿನಿ. ತೇಜು ಎನ್ನುತ್ತಿದ್ದರು. ಗೊಟ್ಟಿಗೆರೆಯ ಒಂದೇ ರೂಮಿನ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಗಂಡ ಭೀಮೇಶ್ ಬೆಳಗಾದರೆ ಬಾಡಿಗೆ ಟೆಂಪೋ ಹತ್ತುತ್ತಿದ್ದ. ಅತ್ತೆ ಸಪ್ಪಲಮ್ಮ ಅಪಾರ್ಟ್‌ಮೆಂಟುಗಳಲ್ಲಿ ಮೆಟ್ಟಿಲು ಗುಡಿಸಲು ಹೋಗುತ್ತಿದ್ದಳು. ಅಂಗನವಾಡಿಯವರು ಇಷ್ಟು ಎಳೆಯದನ್ನು ಇಟ್ಟುಕೊಳ್ಳುವುದಿಲ್ಲ ಎಂದರು.

ಹಾಗಾಗಿ ತೇಜು ಮಣ್ಣಿನ ರೂಮಿನ ಜೋಲಿಯಲ್ಲಿ ಮಲಗಿದಳು. ಮಲಗಿದಷ್ಟು ಹೊತ್ತು ಸರಿ. ಎದ್ದರೆ ಅಳು. ಕಲ್ಯಾಣಿಯ ಕೈ ಯಾರದೋ ಮಣ್ಣಿನ ಮೇಲಿರುತ್ತಿತ್ತು. ಅಳು ಕಿವಿಗೆ ಬಿದ್ದ ತಕ್ಷಣ ಎದೆಯಲ್ಲಿ ಹಾಲು ಇಳಿಯುತ್ತಿತ್ತು. ಬ್ಲೌಸು ನೆನೆದು, ಮೇಲೆ ಕಟ್ಟಿದ ಏಪ್ರನ್ನೂ ನೆನೆಯುತ್ತಿತ್ತು. ಮಣ್ಣಿನ ನೀರು ಸಿಡಿದದ್ದು ಎಂದುಕೊಳ್ಳಲಿ ಎಂದು ಅವಳೇ ಎದೆಗೆ ಕೆಸರು ಸವರಿಕೊಳ್ಳುತ್ತಿದ್ದಳು.

ಒಮ್ಮೆ ಯಾವುದೋ ಕಂಪನಿಯವರು ಬಂದಿದ್ದಾಗ ತೇಜು ಬಹಳ ಹೊತ್ತು ಅತ್ತಳು. ಒಬ್ಬಾತ ಹೋಗಿ ಸ್ಟುಡಿಯೋದ ಬಗ್ಗೆ ಫೋನಿನಲ್ಲಿ ಬರೆದ, ಮನಸ್ಸಿಗೆ ನೆಮ್ಮದಿ ಬೇಕೆಂದು ಬಂದರೆ ಒಳಗೆಲ್ಲೋ ಮಗು ಕಿರುಚುತ್ತಿತ್ತು ಎಂದು. ಕಾತ್ಯಾಯಿನಿ ಅದನ್ನು ಕಲ್ಯಾಣಿಗೆ ತೋರಿಸಿದರು. ಬೈಯಲಿಲ್ಲ. ಕೈಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ನೆಗಡಿ ಔಷಧಿ ಅಷ್ಟೆ. ನನ್ನ ತಂಗಿ ಫ್ಲೈಟಲ್ಲಿ ಬರುವಾಗ ಮಗುಗೆ ಇದನ್ನೇ ಕೊಡೋದು. ಚೆನ್ನಾಗಿ ನಿದ್ದೆ ಮಾಡುತ್ತೆ. ಕ್ಲಾಸಿರೋ ದಿನ ಮಾತ್ರ ಕೊಡು."

ಕಲ್ಯಾಣಿ ಬಾಟಲಿ ನೋಡುತ್ತಾ ನಿಂತಳು.

"ಇಲ್ದಿದ್ರೆ ನಾನು ಬೇರೆ ಯಾರನ್ನಾದ್ರೂ ನೋಡ್ಬೇಕಾಗುತ್ತೆ. ನಿಂಗೂ ಗೊತ್ತು. ಆಮೇಲೆ ಸಂಜೆ ನಿನ್ನ ಕೆಲಸಾನೂ ಇರಲ್ಲ."

ಕಲ್ಯಾಣಿ ಕೊಟ್ಟಳು. ಬಾಟಲಿಯ ಮುಚ್ಚಳದಲ್ಲಿ ಸ್ವಲ್ಪ ಸುರಿದು, ತೇಜುವಿನ ಬಾಯಿಗೆ ತಾನೇ ಹಾಕಿದಳು. ಸಿಹಿ ಇತ್ತೇನೋ, ಮಗು ಚಪ್ಪರಿಸಿತು. ಆಮೇಲೆ ಮಲಗಿತು. ಕ್ಲಾಸು ನಿಶ್ಶಬ್ದವಾಗಿ ನಡೆಯಿತು. ಆಮೇಲೆ ಅದು ರೂಢಿಯಾಯಿತು. ತೇಜು ಮಲಗುವ ಹೊತ್ತು ಬೆಳೆಯುತ್ತಾ ಹೋಯಿತು. ಮೈಯಲ್ಲಿ ಕಸುವು ಇಲ್ಲದ ಹಾಗೆ ಕುತ್ತಿಗೆ ಜೋತುಬೀಳುತ್ತಿತ್ತು. ಮಗು ಯಾಕೋ ಮಂಕಾಗಿದೆ ಎಂದು ಸಪ್ಪಲಮ್ಮ ಎರಡು ಮೂರು ಸಲ ಹೇಳಿದಳು. ಕಲ್ಯಾಣಿ ಬಿಸಿಲಿಗೆ ಎಂದಳು.

ಅಷ್ಟರಲ್ಲಿ ಕಾತ್ಯಾಯಿನಿ ಆ ಗುಡಾಣಗಳನ್ನು ನೋಡಿದ್ದರು. ಒಂದೊಂದರ ಸುತ್ತಲೂ ಓಡಾಡಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ನಾಟಕವೇನಲ್ಲ, ನಿಜವಾಗಿಯೂ ಬಂತು. ಇದನ್ನೆಲ್ಲ ಒಂದು ಪ್ರದರ್ಶನ ಮಾಡೋಣ, ತಾಯ್ತನದ ಬಗ್ಗೆ, ಮಡಿಲು ಅಂತ ಹೆಸರಿಡೋಣ ಎಂದರು. ನಗರದ ದೊಡ್ಡ ದೊಡ್ಡವರನ್ನೆಲ್ಲ ಕರೆಯುತ್ತೇನೆ ಎಂದರು.

ಪ್ರದರ್ಶನಕ್ಕೆ ಹೆಚ್ಚು ದಿನ ಇರಲಿಲ್ಲ. ಒಂದು ಮಧ್ಯಾಹ್ನ ಗೂಡು ಉರಿಯುತ್ತಿತ್ತು. ಮುಂದೆ ಕ್ಲಾಸು. ಕ್ಲಾಸು ಮುಗಿಸಿ ಕಲ್ಯಾಣಿ ಕೈತೊಳೆದು ಜೋಲಿ ಬಿಡಿಸಿದಾಗ ತೇಜು ಏಳಲಿಲ್ಲ. ಅಂಗಾಲು ಚಿವುಟಿದಳು. ಏಳಲಿಲ್ಲ. ಮೈ ಕಾದಿತ್ತು, ತುಟಿ ಒಣಗಿತ್ತು, ಉಸಿರು ಎಲ್ಲೋ ದೂರದಲ್ಲಿ ಓಡಾಡುವ ಹಾಗಿತ್ತು. ಕಲ್ಯಾಣಿ ಕೂಗಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಗಾಜಿನ ಬಾಗಿಲು ದಾಟಿ ರಸ್ತೆಗೆ ಬಂದು ಆಟೋಗೆ ಕೈ ಅಡ್ಡ ಹಾಕಿದಳು. ಮೊಣಕೈವರೆಗೆ ಕೆಸರು ಒಣಗಿ ಬಿರಿದಿತ್ತು. ಆಟೋದವನು ಆ ಕೈ ನೋಡಿ, ಮಗುವಿನ ಮುಖ ನೋಡಿ, ಏನೂ ಕೇಳದೆ ಓಡಿಸಿದ.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಗುವಿನ ರೆಪ್ಪೆ ಬಿಡಿಸಿ ನೋಡಿ, ಏನು ಕೊಟ್ಟಿರಿ ಎಂದು ಕೇಳಿದಳು. ಕಲ್ಯಾಣಿ ಹೇಳಿದಳು.

"ಕೆಲಸಕ್ಕೆ ಹೋಗೋಕೆ ಮಗುಗೆ ಔಷಧಿ ಕುಡಿಸಿ ಮಲಗಿಸ್ತೀರಾ? ನೀವೆಲ್ಲ ಯಾಕಮ್ಮ ಹೆರ್ತೀರಾ?"

ವಾರ್ಡಿನಲ್ಲಿದ್ದ ತಾಯಂದಿರೆಲ್ಲ ತಿರುಗಿ ನೋಡಿದರು. ಕಲ್ಯಾಣಿ ತಲೆ ತಗ್ಗಿಸಲಿಲ್ಲ. ತಗ್ಗಿಸಬೇಕು ಎಂದು ಅವಳಿಗೆ ಹೊಳೆಯಲೂ ಇಲ್ಲ. ಮಗುವಿನ ಕೈಗೆ ಸೂಜಿ ಚುಚ್ಚಲು ನರ ಸಿಗದೆ ಅವರು ಅಲ್ಲಿ ಇಲ್ಲಿ ಹುಡುಕುವುದನ್ನು ನೋಡುತ್ತಾ ನಿಂತಳು.

ಸಪ್ಪಲಮ್ಮ ಓಡಿ ಬಂದಳು. ವಿಷಯ ತಿಳಿದು ಸೊಸೆಯ ಕೆನ್ನೆಗೆ ಹೊಡೆದಳು. ನಿನ್ನ ಮಡಕೆಗೆ ಬೆಂಕಿ ಬೀಳ ಎಂದಳು. ಹೊಡೆದ ಕೈಯಿಂದಲೇ ಅವಳ ಮೊಣಕೈಯ ಕೆಸರನ್ನು ನಲ್ಲಿಯಲ್ಲಿ ತೊಳೆದಳು. ಭೀಮೇಶ್ ಬಂದ. ಮಗುವಿನ ಕಾಲ ಬಳಿ ಕೂತ. ಆ ದಿನ, ಮರುದಿನ, ಕಲ್ಯಾಣಿಯ ಕಡೆ ತಿರುಗಲಿಲ್ಲ.

ತೇಜು ಎರಡನೆಯ ದಿನ ಕಣ್ಣು ಬಿಟ್ಟಳು. ಅತ್ತಳು. ವಾರ್ಡಿನ ತುಂಬ ಕೇಳುವ ಹಾಗೆ ಅತ್ತಳು. ಎಲ್ಲರೂ ಉಸಿರು ಬಿಟ್ಟರು. ಕಲ್ಯಾಣಿಗೆ ಅಳು ಬರಲಿಲ್ಲ. ಮಗುವಿನ ಪಕ್ಕ ಕೂತಿದ್ದಾಗಲೂ ಅವಳ ತಲೆಯಲ್ಲಿ ಇನ್ನೊಂದು ಓಡುತ್ತಿತ್ತು. ಗೂಡಿನಲ್ಲಿ ದೊಡ್ಡ ಗುಡಾಣ ಇದೆ. ಬಿಸಿ ಆರುವ ಮೊದಲೇ ಯಾರಾದರೂ ಬಾಗಿಲು ತೆಗೆದರೆ ಸೀಳಿಬಿಡುತ್ತದೆ. ಇಂಥ ಹೊತ್ತಿನಲ್ಲಿ ಇದು ನೆನಪಾಗುತ್ತದಲ್ಲ ಎಂದು ಅವಳಿಗೆ ನಾಚಿಕೆಯೂ ಆಗಲಿಲ್ಲ. ಎರಡೂ ಅವಳ ಮೈಯಿಂದಲೇ ಬಂದವು. ಎರಡರದ್ದೂ ಚಿಂತೆ ಇತ್ತು, ಅಷ್ಟೆ.

ಕಾತ್ಯಾಯಿನಿ ಸೇಬು, ದಾಳಿಂಬೆ ತೆಗೆದುಕೊಂಡು ಬಂದರು. ವಾರ್ಡಿನ ಒಳಕ್ಕೆ ಬರಲಿಲ್ಲ. ಕಾರಿಡಾರಿನಲ್ಲಿ ಕಲ್ಯಾಣಿಯ ಕೈ ಹಿಡಿದುಕೊಂಡರು. ಮಗು ಹುಷಾರಾಗಿದೆ ಎಂದು ಕೇಳಿ ದೇವರು ದೊಡ್ಡವನು ಎಂದರು. ಆಮೇಲೆ ದನಿ ತಗ್ಗಿಸಿದರು.

"ಯಾರಾದ್ರೂ ಕೇಳಿದ್ರೆ ಸ್ಟುಡಿಯೋ ಹೆಸರು ಹೇಳ್ಬೇಡ. ನಾನು ಕೊಡಬಹುದು ಅಂದೆ ಅಷ್ಟೆ. ಕೊಟ್ಟಿದ್ದು ನೀನು, ಅಲ್ವಾ."

"ಹೌದು ಮೇಡಂ," ಎಂದಳು ಕಲ್ಯಾಣಿ. "ಗೂಡು ತೆಗೆದ್ರಾ?"

ತೆಗೆದಿರಲಿಲ್ಲ. ನೀನು ಬಂದು ತೆಗೆದರೆ ಒಳ್ಳೆಯದು ಎಂದರು.

ಅವಳು ಹೋಗಿ ತೆಗೆದಳು. ಗುಡಾಣ ಸೀಳಿರಲಿಲ್ಲ. ಸಪ್ಪಲಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಗುಡಿಸಿದಳು. ಹಾಗೆ ಹೇಗೋ ಕೆಲವು ದಿನ ಕಳೆಯಿತು. ಮಗುವನ್ನು ತರಬೇಡ ಎಂದು ಅಪಾರ್ಟ್‌ಮೆಂಟಿನವರು ಸಪ್ಪಲಮ್ಮನಿಗೂ ಹೇಳಿದರು. ಅದನ್ನು ಹೇಳಿದ್ದು ಪ್ರದರ್ಶನದ ಹಿಂದಿನ ದಿನ.

ಪ್ರದರ್ಶನದ ಸಂಜೆ ಕಲ್ಯಾಣಿ ತೇಜುವನ್ನು ಎತ್ತಿಕೊಂಡೇ ಬಂದಳು. ಸ್ಟುಡಿಯೋದ ಮುಂದಿನ ಹಾಲಿನಲ್ಲಿ ಹೂವು, ಸಣ್ಣ ಸಣ್ಣ ದೀಪ. ಒಂದೊಂದು ಗುಡಾಣಕ್ಕೂ ಒಂದೊಂದು ಬಿಳಿ ಪೀಠ, ಪೀಠದ ಮೇಲೆ ಒಂದು ಚೀಟಿ. ಚೀಟಿಯಲ್ಲಿ ಮಡಿಲು ಎಂದಿತ್ತು, ಸ್ಟುಡಿಯೋದ ಹೆಸರಿತ್ತು. ಕಲ್ಯಾಣಿ ಪ್ರತಿಯೊಂದನ್ನೂ ಓದಿಕೊಂಡು ಬಂದಳು. ಅವಳ ಹೆಸರು ಎಲ್ಲೂ ಇರಲಿಲ್ಲ.

ಕಾತ್ಯಾಯಿನಿ ಅವಳನ್ನು ಮಣ್ಣಿನ ರೂಮಿಗೆ ಕರೆದುಕೊಂಡು ಹೋದರು. ಉಟ್ಟುಕೊಳ್ಳಲು ಇಳಕಲ್ ಸೀರೆ ಇಟ್ಟಿದ್ದರು. ನೀನು ಹಾಲಿನ ನಡುವೆ ತಿಗರಿ ಮುಂದೆ ಕೂತು ಒಂದು ಮಡಕೆ ಮಾಡಿದರೆ ಸಾಕು, ಮಾತೆಲ್ಲ ನಾನು ಆಡುತ್ತೇನೆ ಎಂದರು. ಏಳು ತಲೆಮಾರಿನ ಕುಂಬಾರ ಮನೆತನ ಎಂದು ಹೇಳುತ್ತೇನೆ, ಕೇಳುವುದಕ್ಕೆ ಚೆನ್ನಾಗಿರುತ್ತದೆ ಎಂದರು.

"ನಾವು ಕುಂಬಾರರಲ್ಲ ಮೇಡಂ."

"ಗೊತ್ತಮ್ಮ. ಅದನ್ನೆಲ್ಲ ಯಾರು ವಿಚಾರಿಸ್ತಾರೆ."

ಆಮೇಲೆ ತೇಜುವಿನ ಗಲ್ಲ ಹಿಡಿದು ಮುದ್ದು ಮಾಡಿದರು. ಕೈಚೀಲದಿಂದ ಬಾಟಲಿ ತೆಗೆದರು. ಅದೇ ಔಷಧಿಯದು.

"ಸ್ವಲ್ಪವೇ ಕೊಡು. ಇದೊಂದು ಸಂಜೆ. ಇನ್ನೆಂದೂ ಕೇಳಲ್ಲ."

ಕಲ್ಯಾಣಿ ಬಾಟಲಿ ತೆಗೆದುಕೊಂಡಳು. ಮುಚ್ಚಳ ತಿರುವಿದಳು. ಇದ್ದದ್ದನ್ನೆಲ್ಲ ನೆಲದ ಮೇಲಿದ್ದ ಮಣ್ಣಿನ ಬಕೆಟ್ಟಿಗೆ ಸುರಿದಳು. ಖಾಲಿ ಬಾಟಲಿಯನ್ನು ಕಾತ್ಯಾಯಿನಿಯ ಕೈಗೆ ಕೊಟ್ಟಳು. ಇಳಕಲ್ ಸೀರೆಯನ್ನು ಮುಟ್ಟಲೇ ಇಲ್ಲ. ತಾನು ತೊಟ್ಟು ಬಂದ ಚೂಡಿದಾರದ ವೇಲಿನಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹಾಲಿಗೆ ಹೋಗಿ ತಿಗರಿಯ ಮುಂದೆ ಕೂತಳು.

ಕಾತ್ಯಾಯಿನಿಯ ಮುಖ ಬಿಗಿದಿತ್ತು. ಜನರ ಮುಂದೆ ಬಂದ ಮೇಲೆ ಸಡಿಲವಾಯಿತು. ನೋಡಿ, ತಾಯಿ ಮಗು ಇಬ್ಬರೂ ಮಣ್ಣಿನ ಜೊತೆ ಎಂದು ಮೈಕಿನಲ್ಲಿ ಹೇಳಿದರು. ಏಳು ತಲೆಮಾರು ಎಂದೂ ಹೇಳಿದರು. ಬಂದವರು ಫೋನು ಎತ್ತಿದರು. ಕಲ್ಯಾಣಿ ತಿಗರಿ ತಿರುಗಿಸಿದಳು. ತೇಜು ಅಮ್ಮನ ಜಡೆ ಹಿಡಿದು ಎಳೆಯುತ್ತಿದ್ದಳು. ಬಂದವರಲ್ಲಿ ಒಬ್ಬ ಹೆಂಗಸು ಮುಂದೆ ಬಂದು, ಈ ಗುಡಾಣಗಳ ಬಗ್ಗೆ ನೀವೇ ಎರಡು ಮಾತು ಹೇಳಿ ಎಂದು ಕೇಳಿದಳು. ಕಾತ್ಯಾಯಿನಿ ಉತ್ತರಿಸಲು ಹೊರಟರು. ಆ ಹೆಂಗಸು ನಯವಾಗಿ ಮೈಕು ಇಸಿದುಕೊಂಡು ಕಲ್ಯಾಣಿಯ ಬಾಯಿಯ ಹತ್ತಿರ ಹಿಡಿದಳು.

ಕಲ್ಯಾಣಿ ತಿಗರಿ ನಿಲ್ಲಿಸಿದಳು.

"ನಾವು ಕುಂಬಾರರಲ್ಲ. ಹೊಲೇರು. ನಮ್ಮಪ್ಪ ಇಟ್ಟಿಗೆ ಗೂಡಲ್ಲಿ ಕೂಲಿ ಮಾಡ್ತಿದ್ರು. ಇವೆಲ್ಲ ನಾನು ಮಾಡಿದ್ದು. ಇವನ್ನ ಮಾಡೋ ದಿನಗಳಲ್ಲಿ, ಕ್ಲಾಸ್ ನಡೆಯುವಾಗ ನನ್ನ ಮಗು ಅಳ್ಬಾರ್ದು ಅಂತ ಆ ಹಿಂದಿನ ರೂಮಲ್ಲಿ ಔಷಧಿ ಕುಡಿಸಿ ಮಲಗಿಸ್ತಿದ್ದೆ. ಬಾಟ್ಲಿ ಕೊಟ್ಟಿದ್ದು ಮೇಡಂ. ಕುಡಿಸಿದ್ದು ನಾನು. ಮಗು ಎಚ್ಚರ ತಪ್ಪಿ ಆಸ್ಪತ್ರೆ ಸೇರ್ತು. ಇವತ್ತೂ ಬಾಟ್ಲಿ ಕೊಟ್ರು. ಕುಡಿಸ್ಲಿಲ್ಲ. ಅಷ್ಟೇ."

ದನಿ ಏರಲಿಲ್ಲ, ಇಳಿಯಲಿಲ್ಲ. ರೇಷನ್ ಅಂಗಡಿಯಲ್ಲಿ ಮನೆಮಂದಿಯ ಹೆಸರು ಹೇಳುವ ಹಾಗೆ ಹೇಳಿದಳು.

ಮೈಕು ಹಿಡಿದಿದ್ದ ಹೆಂಗಸು ಕಣ್ಣೊರೆಸಿಕೊಂಡಳು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಬಹಳ ಹೊತ್ತು ತಟ್ಟಿದರು. ಚಪ್ಪಾಳೆಗೆ ಬೆಚ್ಚಿ ತೇಜು ಅತ್ತಳು. ಕಲ್ಯಾಣಿ ಅವರ ಕೈಗಳನ್ನು ನೋಡಿದಳು. ಯಾವುದಕ್ಕೆ ತಟ್ಟುತ್ತಿದ್ದಾರೆ ಎಂದು ಅವಳಿಗೆ ತಿಳಿಯಲಿಲ್ಲ. ಕೈ ತೊಳೆದುಕೊಂಡು, ಮಗುವಿಗೆ ಹಾಲು ಕೊಟ್ಟು, ಬಸ್ಸು ಹತ್ತಿ ಮನೆಗೆ ಹೋದಳು.

ಮರುದಿನ ಕಾತ್ಯಾಯಿನಿಯ ಫೋನು ಬಂತು. ಕೋಪ ಇರಲಿಲ್ಲ.

"ಜನ ಅತ್ತುಬಿಟ್ರು ಕಲ್ಯಾಣಿ. ಎಲ್ಲಾ ಕಡೆ ನಿಂದೇ ಮಾತು. ಭಾನುವಾರ ಇನ್ನೊಂದು ಗುಂಪು ಬರ್ತಿದೆ. ನಿನ್ನೆ ಹೇಳಿದ್ಯಲ್ಲ, ಅದನ್ನೇ ಹೇಳು. ಬಾಟ್ಲಿ ವಿಷಯ ಬರುವಾಗ ಮೇಡಂ ಅನ್ಬೇಡ, ಬಡತನ ಅನ್ನು. ಜಾತಿ ಬೇಡ, ಸುಮ್ನೆ ಯಾಕೆ. ಮಗುನೂ ಕರ್ಕೊಂಡ್ ಬಾ, ಅತ್ರೂ ಪರವಾಗಿಲ್ಲ."

ಕಲ್ಯಾಣಿ ಬರ್ತೀನಿ ಎಂದಳು.

ಗಂಡನಿಗೆ ಆ ಮಾತುಗಳನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದಳು. ಭೀಮೇಶ್ ಕೇಳಿಸಿಕೊಂಡ. ಭಾನುವಾರ ಟೆಂಪೋಗೆ ಬಾಡಿಗೆ ಒಪ್ಪಿಕೊಳ್ಳುವುದಿಲ್ಲ ಎಂದಷ್ಟೇ ಹೇಳಿದ.

ಭಾನುವಾರ ಹಾಲಿನ ತುಂಬ ಜನ. ಟೆಂಪೋ ಗೇಟಿನ ಮುಂದೆ ನಿಂತಿತು. ಸಪ್ಪಲಮ್ಮ ಮಗುವನ್ನೂ ಹಳೇ ಗೋಣಿಚೀಲಗಳನ್ನೂ ಹಿಡಿದು ಇಳಿದಳು. ಕಲ್ಯಾಣಿ ಒಳಗೆ ಹೋಗಿ ಮೊದಲನೆಯ ಗುಡಾಣವನ್ನು ತಬ್ಬಿ ಎತ್ತಿದಳು. ಹೊಲಿಗೆಯ ಜಾಗ ಎಳೆಯಿತು. ನಡೆದಳು. ಭೀಮೇಶ್ ಎರಡನೆಯದನ್ನು ಎತ್ತಿದ. ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ಜನ ದಾರಿ ಬಿಟ್ಟರು.

ಕಾತ್ಯಾಯಿನಿ ಬಾಗಿಲಿಗೆ ಅಡ್ಡ ಬಂದರು. ಮೆಲ್ಲಗೆ ಮಾತಾಡಿದರು. ಇದರಲ್ಲಿ ಕೆಲವನ್ನು ಬೇರೆಯವರಿಗೆ ಮಾರುವ ಮಾತು ಆಗಲೇ ಆಗಿದೆ ಎಂದರು. ನಿನ್ನನ್ನು ಯಾರೂ ಸೇರಿಸದಿದ್ದಾಗ ಸೇರಿಸಿಕೊಂಡವಳು ನಾನು ಎಂದರು. ಅದು ನಿಜವೇ ಆಗಿತ್ತು. ಕಲ್ಯಾಣಿ ಗುಡಾಣ ಹೊತ್ತುಕೊಂಡೇ ಕೇಳಿಸಿಕೊಂಡಳು.

"ಮಣ್ಣು ನಂದು, ಗೂಡು ನಂದು, ಕರೆಂಟು ನಂದು. ಇದು ಕಳ್ಳತನ ಆಗುತ್ತೆ ಕಲ್ಯಾಣಿ."

"ಮಣ್ಣು ತಂದು ಹಾಕ್ತೀನಿ," ಎಂದಳು ಕಲ್ಯಾಣಿ. "ಹೊಟ್ಟೆ ನಂದು ಮೇಡಂ. ಅತ್ಲಾಗೆ ಸರೀರಿ."

ಕಾತ್ಯಾಯಿನಿ ಪೊಲೀಸರಿಗೆ ಎಂದು ಫೋನು ತೆಗೆದರು. ಸುತ್ತ ನೋಡಿದರು. ಎಲ್ಲರ ಕೈಯಲ್ಲೂ ಫೋನಿತ್ತು, ಎಲ್ಲವೂ ಅವರ ಮುಖದ ಕಡೆಗಿದ್ದವು. ಅವರು ಫೋನು ಒಳಗಿಟ್ಟು ಪಕ್ಕಕ್ಕೆ ಸರಿದರು.

ಟೆಂಪೋದಲ್ಲಿ ಗೋಣಿ ಹಾಸಿ ಗುಡಾಣಗಳನ್ನು ನಿಲ್ಲಿಸಿದರು. ನೆಟ್ಟಗೆ ನಿಲ್ಲುವಂಥವು ಒಂದೂ ಇಲ್ಲ. ಕಲ್ಯಾಣಿ ನಡುವೆ ಕೂತು ಕಾಲು ಚಾಚಿ ಒತ್ತಿ ಹಿಡಿದಳು. ಬನ್ನೇರುಘಟ್ಟ ರಸ್ತೆಯ ಹಂಪುಗಳಲ್ಲಿ ಭೀಮೇಶ್ ಹೆಣ ಒಯ್ಯುವವನ ಹಾಗೆ ನಿಧಾನ ಓಡಿಸಿದ. ಮನೆಯಲ್ಲಿ ಜಾಗ ಇರಲಿಲ್ಲ. ಒಂದೇ ರೂಮು. ಎಲ್ಲವನ್ನೂ ಒಳಗಿಟ್ಟ ಮೇಲೆ ಚಾಪೆ ಹಾಸಲು ನೆಲವಿರಲಿಲ್ಲ. ಸಪ್ಪಲಮ್ಮ ಬೈದುಕೊಂಡೇ ಬಾಗಿಲ ಮುಂದಿನ ಜಾಗ ಗುಡಿಸಿ ಅಲ್ಲಿ ಹಾಸಿದಳು.

ಆಮೇಲೆ ಯಾವ ಸ್ಟುಡಿಯೋದವರೂ ಕಲ್ಯಾಣಿಯನ್ನು ಸೇರಿಸಲಿಲ್ಲ. ಅವರೆಲ್ಲ ಪರಸ್ಪರ ಪರಿಚಯದವರು. ಮೇಡಂಗೆ ಹೇಳಿದ ಮಾತಿನಂತೆ ಅವಳು ಒಂದು ಟೆಂಪೋ ಮಣ್ಣು ತರಿಸಿ ಗೇಟಿನ ಮುಂದೆ ಸುರಿಸಿ ಬಂದಳು. ಅತ್ತೆಯ ಜೊತೆ ಮೆಟ್ಟಿಲು ಗುಡಿಸುವ ಕೆಲಸಕ್ಕೆ ಸೇರಿದಳು. ಬೆಳಗ್ಗೆ ಅತ್ತೆ ಹೋಗುತ್ತಾಳೆ, ಮಧ್ಯಾಹ್ನದ ಮೇಲೆ ಸೊಸೆ. ಮಗುವನ್ನು ಸರದಿಯಲ್ಲಿ ನೋಡಿಕೊಳ್ಳುತ್ತಾರೆ.

ಬೆಳಗಿನ ಹೊತ್ತು ಕಲ್ಯಾಣಿ ಬಾಗಿಲ ಮುಂದೆ ಕೂತು ಬರಿಗೈಯಲ್ಲಿ ಮಡಕೆ ಕಟ್ಟುತ್ತಾಳೆ. ತಿಗರಿ ಇಲ್ಲ. ಗೂಡೂ ಇಲ್ಲ. ಬೀದಿಯಲ್ಲಿ ಬೆಂಕಿ ಹಾಕಿದರೆ ಅಕ್ಕಪಕ್ಕದವರು ಬಿಡುವುದಿಲ್ಲ. ಸುಡದ ಮಡಕೆ ಒಣಗುತ್ತದೆ, ಮಳೆ ಬಂದರೆ ಕರಗುತ್ತದೆ. ತೇಜು ಈಗ ತೆವಳುತ್ತಾಳೆ. ಬಂದು ಒಂದನ್ನು ಗುದ್ದುತ್ತಾಳೆ, ಒಂದನ್ನು ತಬ್ಬಿ ಬೀಳಿಸುತ್ತಾಳೆ. ಕಲ್ಯಾಣಿ ಬೈಯುವುದಿಲ್ಲ, ಮುದ್ದಿಸುವುದೂ ಇಲ್ಲ. ಬಿದ್ದ ಮಣ್ಣನ್ನು ಕೂಡಿಸಿ, ನೀರು ಚಿಮುಕಿಸಿ, ಮತ್ತೆ ನಾದುತ್ತಾಳೆ.

ಒಂದು ಬೆಳಗ್ಗೆ ಹಸಿ ಮಡಕೆಯ ಹೊಟ್ಟೆಗೆ ತೇಜು ಮೊಣಕೈವರೆಗೆ ಕೈ ತೂರಿಸಿ ತೂತು ಮಾಡಿದಳು. ಕಲ್ಯಾಣಿ ಮಗುವಿನ ಕೈಯನ್ನು ಮೆಲ್ಲಗೆ ಈಚೆಗೆ ಎಳೆದಳು. ತೂತಿನ ಒಳಗೆ ನೋಡಿದಳು. ಮುಚ್ಚಲು ಬೆರಳಿಗೆ ಮಣ್ಣು ತೆಗೆದುಕೊಂಡವಳು ಹಾಗೇ ಕೂತಳು. ಆಮೇಲೆ ಆ ಮಣ್ಣನ್ನು ಬಕೆಟ್ಟಿಗೆ ಹಾಕಿ, ಮಡಕೆಯನ್ನು ತೂತಿನ ಸಮೇತ ನೆರಳಿಗೆ ಸರಿಸಿಟ್ಟಳು.

ಕೆಲಸಕ್ಕೆ ಹೊರಟಿದ್ದ ಸಪ್ಪಲಮ್ಮ ಕೈಯಲ್ಲಿ ಪೊರಕೆ ಹಿಡಿದು ನೋಡುತ್ತಾ ನಿಂತಳು.

"ತೂತಾಗೈತಲ್ಲೇ. ಯಾತಕ್ಕೆ ಬತ್ತದೆ ಅದು?"

"ಯಾತಕ್ಕೂ ಬರಲ್ಲ ಅತ್ತೆ," ಎಂದಳು ಕಲ್ಯಾಣಿ. "ಇರ್ಲಿ."